ಷರಾ ಅಂಕಣದ ಕೆಂಪು ಶಾಯಿ

ಮುಂಡರಗಿಯ ಬಸ್ ನಿಲ್ದಾಣದ ಸಿಮೆಂಟಿನ ಕಟ್ಟೆಯ ಮೇಲೆ ಆ ಶನಿವಾರ ನಾನೂ ನನ್ನ ಯಜಮಾನರೂ ಕುಳಿತದ್ದು ಎರಡು ತಾಸು ಐದು ನಿಮಿಷ. ಬಸ್ಸಿನಿಂದ ಇಳಿದದ್ದು ಹನ್ನೆರಡೂಕಾಲಿಗೆ. ಮಗಳ ಸ್ಕೂಟಿ ನಮ್ಮೆದುರು ಬಂದು ನಿಂತದ್ದು ಎರಡು ಇಪ್ಪತ್ತಕ್ಕೆ. ಇದರಲ್ಲಿ ಒಂದು ನಿಮಿಷದ ತಪ್ಪೂ ಇರಲಾರದು. ಯಜಮಾನರು ಇಪ್ಪತ್ತೊಂಬತ್ತು ವರ್ಷ ಬಸ್ ನಿಲ್ದಾಣಗಳ ಕಂಟ್ರೋಲರ್ ಖೋಲಿಯಲ್ಲಿ ಕುಳಿತು ಗಾಡಿ ಬಂದ ವೇಳೆ, ಹೋದ ವೇಳೆ ಬರೆದವರು. ನಿವೃತ್ತರಾದ ಮೇಲೂ ಗಡಿಯಾರ ನೋಡದೆ ನೀರು ಕುಡಿಯುವವರಲ್ಲ. ನಾನು ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿದವಳು, ಕೊನೆಯ ಆರು ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ನಾವಿಬ್ಬರೂ ಸೇರಿ ಒಂದು ವೇಳೆಯನ್ನು ಹೇಳಿದರೆ ಅದನ್ನು ನಂಬಬಹುದು.

ಕಾಯುವುದು ನನಗೆ ಹೊಸದಲ್ಲ. ಕಾಯಿಸಿದವರನ್ನು ಮರೆಯುವುದು ಮಾತ್ರ ನನಗೆ ಎಂದೂ ಸಾಧ್ಯವಾಗಿಲ್ಲ.

ನಾವು ಹೇಳದೆ ಕೇಳದೆ ಬಂದವರಲ್ಲ. ಮಗಳು ಮುಂಡರಗಿಯಿಂದ ಎಂಟು ಕಿಲೋಮೀಟರು ಆಚೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಮುಂಡರಗಿಯಲ್ಲಿ ಮಾಳಿಗೆಯ ಮೇಲಿನ ಎರಡು ಖೋಲಿ ಹಿಡಿದಿದ್ದಾಳೆ. ದೀಪಾವಳಿಗೆ ಬಂದು ಹೋದ ಮೇಲೆ ಅವಳು ಲಕ್ಷ್ಮೇಶ್ವರದ ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ಪ್ರತಿ ಶನಿವಾರ ಒಂದು ಕಾರಣ, ಪ್ರತಿ ರವಿವಾರ ಒಂದು ವಿಶೇಷ ತರಗತಿ. ಸಂಕ್ರಾಂತಿಗೂ ಬರಲಿಲ್ಲ. ಕೊನೆಗೆ ನಾನೇ, "ನೀ ಬರಬ್ಯಾಡ, ನಾವ ಬರ್ತೀವಿ. ಯಾವ ಶನಿವಾರ ಹೇಳು," ಎಂದೆ. ಮೂರು ವಾರ ಮೊದಲೇ ದಿನ ಗೊತ್ತಾಯಿತು. ಶನಿವಾರ ಮುಂಜಾನೆಯ ಶಾಲೆ; ಹನ್ನೊಂದೂವರೆಗೆ ಬಿಡುತ್ತದೆ. ನಮ್ಮ ಬಸ್ಸು ಶಿರಹಟ್ಟಿಯಲ್ಲಿ ಬದಲಾಯಿಸಿ ಹನ್ನೆರಡೂಕಾಲಿಗೆ ಮುಟ್ಟುತ್ತದೆ. ಯಜಮಾನರು ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಮಗಳಿಗೆ ಫೋಟೋ ಕಳಿಸಿದ್ದರು.

ಆ ಎರಡು ತಾಸಿನಲ್ಲಿ ಮಗಳು ಮೂರು ಸಲ ಫೋನ್ ಮಾಡಿದಳು. "ಇನ್ನ ಹತ್ತು ಮಿನಿಟು ಅವ್ವಾ." ಆಮೇಲೆ, "ಇದೊಂದು ತಖ್ತೆ ಮುಗಿಸಿ ಬಂದ ಬಿಟ್ಟೆ." ಮೂರನೆಯ ಸಲ ಯಾವ ಕಾರಣವನ್ನೂ ಹೇಳದೆ, "ಏನರ ತಿಂದ್ರೇನು?" ಎಂದು ಕೇಳಿದಳು. ಅವಳ ದನಿಯ ಹಿಂದೆ ಯಾರೋ ಗಂಡಸು, "ಮೇಡಂ, ಮಾತು ಆಮ್ಯಾಲೆ, ಮೊದಲ ಕೆಲಸ," ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಷ್ಟರಲ್ಲಿ ಫೋನು ಕಟ್ಟಾಯಿತು.

"ಯಾರವ?" ಎಂದೆ.

"ಹೆಡ್‌ಮಾಸ್ತರ ಇರಬೇಕು," ಎಂದರು ಯಜಮಾನರು. "ಸಿಟ್ಟಿಗೇಳಬ್ಯಾಡ. ದೊಡ್ಡ ಜವಾಬ್ದಾರಿ ಇರತೈತಿ ಅವರಿಗೆ."

"ನನಗಿರಲಿಲ್ಲೇನು ಜವಾಬ್ದಾರಿ? ನಾ ಯಾರನ್ನರ ಹಿಂಗ ಕುಂಡ್ರಿಸಿದ್ನೇನು?"

ಅವರು ಗಡಿಯಾರ ನೋಡಿ, ಗಜೇಂದ್ರಗಡದ ಗಾಡಿ ಆರು ನಿಮಿಷ ತಡವಾಗಿ ಹೊರಟಿತೆಂದು ಹೇಳಿ ಮಾತು ಮರೆಸಿದರು.

ಮಗಳು ಬಂದಾಗ ಅವಳ ಮುಖ ನೋಡಿ ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕಣ್ಣಿನ ಕೆಳಗೆ ಕಪ್ಪು. ಸ್ಕೂಟಿಯ ಮುಂದೆ ಉತ್ತರ ಪತ್ರಿಕೆಗಳ ಮೂರು ಕಟ್ಟು. ಆಟೋದಲ್ಲಿ ನಾವು, ಹಿಂದೆ ಸ್ಕೂಟಿಯಲ್ಲಿ ಅವಳು. ಹೀಗೆ ಮನೆ ಸೇರಿದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಬಿಚ್ಚಿ ಬಡಿಸಿದೆ. ಅವಳಿಗೆಂದು ಇಪ್ಪತ್ತು ಶೇಂಗಾ ಹೋಳಿಗೆ ಮಾಡಿಕೊಂಡು ಬಂದಿದ್ದೆ. ಹದಿನೈದು ದಿನ ಕೆಡದಂತೆ ಹುರಿದು ಕುಟ್ಟಿದ ಹೂರಣ. ಒಂದು ಹೋಳಿಗೆ ಅರ್ಧ ತಿಂದಳು. ಉಳಿದರ್ಧ ಕೈಯಲ್ಲಿರುವಾಗಲೇ ಫೋನು ಬಂತು.

"ಹೂಂ ಸರ. ಆತ್ರಿ ಸರ. ಸಂಜಿಗೆ ಕಳಸ್ತೀನ್ರಿ ಸರ."

ಶನಿವಾರ ಮಧ್ಯಾಹ್ನದಿಂದ ರಾತ್ರಿ ಊಟದವರೆಗೆ ಆ ಮನುಷ್ಯ ನಾಲ್ಕು ಸಲ ಫೋನ್ ಮಾಡಿದ. ನಾಲ್ಕೂ ಸಲ ನನ್ನ ಮಗಳು ಎದ್ದು ನಿಂತು ಮಾತಾಡಿದಳು. ಫೋನಿನಲ್ಲಿ ಮಾತಾಡುವಾಗ ಎದ್ದು ನಿಲ್ಲುವ ಮಗಳನ್ನು ನಾನು ಹೆತ್ತಿರಲಿಲ್ಲ. ಅದನ್ನು ಅವಳಿಗೆ ಆ ಶಾಲೆ ಕಲಿಸಿತ್ತು.

ಸಂಜೆ ಅವಳು ಪತ್ರಿಕೆ ತಿದ್ದುತ್ತ ಕುಳಿತಾಗ ಯಜಮಾನರು ಮೆಲ್ಲಗೆ ವಿಷಯ ತೆಗೆದರು. ಅವಳ ಶಾಲೆಯಲ್ಲಿ ಎಂಟು ಜನ ಶಿಕ್ಷಕರಿದ್ದಾರೆ. ಏಳು ಜನ ಖಾಯಂ ಆದವರು. ಶನಿವಾರ ಹನ್ನೊಂದೂವರೆಗೆ ಗದಗಿನ ಬಸ್ಸು ಹಿಡಿಯುತ್ತಾರೆ. ಇವಳೊಬ್ಬಳು ಖಾಯಂ ಆಗುವ ಮುನ್ನದ ಎರಡು ವರ್ಷಗಳ ಪರೀಕ್ಷಾವಧಿಯಲ್ಲಿ ಇದ್ದವಳು. ಆ ಅವಧಿ ಮುಗಿದಿತ್ತು. ಸೇವೆ ತೃಪ್ತಿಕರವಾಗಿದೆಯೆಂದು ಮುಖ್ಯೋಪಾಧ್ಯಾಯರು ವರದಿ ಬರೆದು, ಸಹಿ ಮಾಡಿ, ಗದಗಿನ ಕಚೇರಿಗೆ ಕಳಿಸಬೇಕು. ಅದಾಗದಿದ್ದರೆ ಅವಧಿ ಇನ್ನೊಂದು ವರ್ಷ ಮುಂದುವರಿಯಬಹುದು. ಕೆಟ್ಟ ವರದಿ ಹೋದರೆ ನೌಕರಿಗೇ ಧಕ್ಕೆ.

"ಫೈಲ್ ಎಲ್ಲೈತಿ ಈಗ?" ಎಂದರು ಯಜಮಾನರು.

"ಅವರ ಟೇಬಲ್ ಮ್ಯಾಲೆ ಐತಿ ಅಪ್ಪಾ. ಮೂರು ವಾರ ಆತು. ದಿನಾ ಕಣ್ಣಿಗೆ ಬೀಳೂ ಹಂಗ ಇಟ್ಟಾರ."

"ಕೇಳಿದ್ಯೇನು?"

"ಕೇಳಿದೆ. 'ಅವಸರ ಯಾಕ ಮೇಡಂ, ಪರೀಕ್ಷಾ ಮುಗೀಲಿ,' ಅಂದ್ರು. ಪರೀಕ್ಷಾ ಮುಗಿಯೂತನ ಅವರಿಗೆ ಕೈಯಾಳು ಬೇಕಲ್ಲ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಏಳು ಜನ ಮಾಡಬೇಕಾದ, ಕಚೇರಿಗೆ ಕಳಿಸುವ ಅಂಕಿಅಂಶದ ತಖ್ತೆಗಳು, ಬಿಸಿಯೂಟದ ದಾಖಲೆ, ಹತ್ತನೆಯ ತರಗತಿಯ ರವಿವಾರದ ಪಾಠ, ವಿಜ್ಞಾನದ ಪತ್ರಿಕೆಗಳನ್ನೂ ಸೇರಿಸಿ ತಿದ್ದುವ ಕೆಲಸ, ಎಲ್ಲವೂ ಒಂದು ಸಹಿಯ ದಾರಕ್ಕೆ ಕಟ್ಟಿಹಾಕಿದ ಈ ಹುಡುಗಿಯ ಮೇಲೆ. ಯಜಮಾನರು ಏನೋ ಯೋಚಿಸುತ್ತ ಮೀಸೆ ತಿರುವಿದರು. ಅವರು ಮೀಸೆ ತಿರುವಿದಾಗಲೆಲ್ಲ ನಮ್ಮ ಮನೆಗೆ ಒಂದು ತೊಂದರೆ ಬಂದಿದೆ. ಆದರೆ ಅಂದು ನಾನು ಅದನ್ನು ಗಮನಿಸಿಯೂ ಕೇಳದೆ ಬಿಟ್ಟೆ; ಅದು ನನ್ನ ತಪ್ಪು.

ರವಿವಾರ ಮುಂಜಾನೆ ಮಗಳು ವಿಶೇಷ ತರಗತಿಗೆ ಹೊರಟಳು. ಅವಳ ಜೊತೆ ನಾಲ್ಕು ಮಾತಾಡಲು ನನಗೆ ಉಳಿದ ದಾರಿಯೆಂದರೆ ಸ್ಕೂಟಿಯ ಹಿಂದಿನ ಸೀಟು. ಹತ್ತಿ ಕುಳಿತೆ. ಯಜಮಾನರು, "ನಾ ಇಲ್ಲೇ ಒಂದೀಟು ಅಡ್ಡಾಡಿ ಬರ್ತೀನಿ," ಎಂದರು. ಎಂಟು ಐವತ್ತಕ್ಕೆ ಶಾಲೆ ಮುಟ್ಟಿದೆವು. ಇಕ್ಕೆಲದ ಹೊಲಗಳಲ್ಲಿ ಕಡಲೆ ಕೀಳುತ್ತಿದ್ದರು. ಹಸಿ ಕಡಲೆಯ ಹುಳಿವಾಸನೆ ಶಾಲೆಯ ಗೇಟಿನವರೆಗೂ ಬರುತ್ತಿತ್ತು. ಮಕ್ಕಳು ಆಗಲೇ ಬಂದಿದ್ದರು. ಮಗಳು ನನ್ನನ್ನು ಶಿಕ್ಷಕರ ಕೋಣೆಯಲ್ಲಿ ಕೂರಿಸಿ, ತಂಬಿಗೆಯಲ್ಲಿ ನೀರಿಟ್ಟು, ಕಪ್ಪುಹಲಗೆಯ ಮುಂದೆ ಹೋಗಿ ನಿಂತಳು.

ಗೋಡೆಯಾಚೆಯಿಂದ ಅವಳ ದನಿ ಕೇಳಿಸುತ್ತಿತ್ತು. ಒಬ್ಬ ಹುಡುಗಿ ಉತ್ತರ ತಪ್ಪು ಹೇಳಿದಾಗ, "ತಪ್ಪಾದ್ರ ಆಗ್ಲಿ, ಎಲ್ಲಿ ದಾರಿ ತಪ್ಪಿತು ಅದನ್ನ ಹುಡುಕೂಣು ಬಾ," ಎಂದಳು. ಅಷ್ಟು ಚೆನ್ನಾಗಿ ಕಲಿಸುವವರನ್ನು ನಾನು ನನ್ನ ಸೇವೆಯಲ್ಲಿ ಬೆರಳೆಣಿಕೆಯಷ್ಟು ಕಂಡಿದ್ದೇನೆ. ತಾಯಿಯೆಂದು ಹೇಳುತ್ತಿಲ್ಲ, ಅನೇಕರ ಪಾಠ ನೋಡಿ ಷರಾ ಬರೆದವಳಾಗಿ ಹೇಳುತ್ತಿದ್ದೇನೆ.

ಎದುರಿನ ಮೇಜಿನ ಮೇಲೆ ಚಲನವಲನ ವಹಿ ಇತ್ತು. ಶಿಕ್ಷಕರು ಶಾಲೆ ಬಿಟ್ಟು ಹೊರಗೆ ಹೋಗುವಾಗ ಹೆಸರು, ವೇಳೆ, ಕಾರಣ ಬರೆದು ಸಹಿ ಮಾಡುವ ಪುಸ್ತಕ ಅದು. ಕಡೆಯ ಅಂಕಣ ಮುಖ್ಯೋಪಾಧ್ಯಾಯರ ಷರಾಕ್ಕೆ. ನನ್ನ ಮೇಜಿನ ಮೇಲೂ ಅಂಥದೊಂದು ಆರು ವರ್ಷ ಇತ್ತು. ಕೈ ತಾನಾಗಿ ಅದನ್ನು ತೆರೆಯಿತು. ನಿನ್ನೆಯ ಸಾಲು ಮಗಳ ದುಂಡು ಅಕ್ಷರದಲ್ಲಿತ್ತು: "11.40. ತಂದೆ–ತಾಯಿ ಊರಿಂದ ಬರುತ್ತಿದ್ದು, ಅವರನ್ನು ಮನೆಗೆ ಮುಟ್ಟಿಸಿ ಮರಳುವೆನು." 11.40ರ ಮೇಲೆ ಗೀಟು ಹೊಡೆದು 2.00 ಎಂದು ತಿದ್ದಲಾಗಿತ್ತು. ಪಕ್ಕದಲ್ಲಿ, ಷರಾ ಅಂಕಣದಲ್ಲಿ, ಕೆಂಪು ಶಾಯಿಯಲ್ಲಿ ಹೀಗಿತ್ತು: "ಇದು ಶಾಲೆಯೋ, ಬಸ್ ನಿಲ್ದಾಣವೋ? ಪರೀಕ್ಷಾವಧಿಯ ವರದಿಯಲ್ಲಿ ನಮೂದಿಸಲಾಗುವುದು."

ನಾನು ಅದನ್ನು ಎಷ್ಟು ಸಲ ಓದಿದೆನೋ ಹೇಳಲಾರೆ. ಶಾಲೆ ಬಿಟ್ಟದ್ದು ಹನ್ನೊಂದೂವರೆಗೆ. ಹನ್ನೊಂದು ನಲವತ್ತಕ್ಕೆ ಆ ವಹಿಯಲ್ಲಿ ಬರೆಯುವ ಅಗತ್ಯವೇ ಅವಳಿಗಿರಲಿಲ್ಲ. ಅವಳದ್ದಾದ ವೇಳೆಗೆ ಅವಳು ಅಪ್ಪಣೆ ಕೇಳಿದ್ದಳು. ಅದಕ್ಕೆ ಅವಮಾನ ಪಡೆದಿದ್ದಳು. ತಾನೇ ಗೀಟು ಹೊಡೆದುಕೊಂಡು, ಕುಳಿತು ತಖ್ತೆ ತುಂಬಿದ್ದಳು. ನಾವು ಕಟ್ಟೆಯ ಮೇಲೆ ಕುಳಿತದ್ದು ಈ ಗೀಟಿನ ಉದ್ದ.

ಅದರ ಕೆಳಗಿನ ಸಾಲು ರವಿವಾರದ್ದು. ಅದನ್ನು ಮುಖ್ಯೋಪಾಧ್ಯಾಯರು ಶನಿವಾರವೇ ಬರೆದಿಟ್ಟು ಹೋಗಿದ್ದರು, ತಮ್ಮದೇ ಸಹಿಯೊಂದಿಗೆ: "ವಿಶೇಷ ತರಗತಿಗಳ ಮೇಲ್ವಿಚಾರಣೆ. ಬೆಳಿಗ್ಗೆ 9ರಿಂದ 12. ಹಾಜರು."

ಹಾಗಾದರೆ ಇನ್ನೇನು ಬರುತ್ತಾರೆ, ಬಂದಾಗ ನೇರವಾಗಿ ಕೇಳೋಣವೆಂದು ನಾನು ಗೇಟಿನ ಕಡೆ ಮುಖ ಮಾಡಿ ಕುಳಿತೆ. ಹತ್ತಾಯಿತು. ಹನ್ನೊಂದಾಯಿತು. ಗೇಟಿನೊಳಗೆ ಬಂದದ್ದು ಎರಡು ಆಡು.

ಆ ಮೂರು ತಾಸು ನನ್ನ ಕಣ್ಣ ಮುಂದೆ ಇದ್ದದ್ದು ಬೇರೆಯೇ ಒಂದು ಗೇಟು. ನಾನು ನೌಕರಿಗೆ ಸೇರಿದ ಎರಡನೆಯ ವರ್ಷ, ಶಿರಹಟ್ಟಿಯ ಆಚೆಯ ಒಂದು ಹಳ್ಳಿಯಲ್ಲಿದ್ದಾಗ, ನನ್ನ ಅಪ್ಪ ಅಡರಕಟ್ಟಿಯಿಂದ ನನ್ನನ್ನು ನೋಡಲು ಬಂದಿದ್ದ. ಹೆಗಲ ಮೇಲೆ ಹಸಿ ಕಡಲೆಯ ಸಿವುಡು. ಅಂದಿನ ಹಿರಿಯ ಮಾಸ್ತರರು, "ಪಾಠದ ವೇಳೆ ಭೇಟಿ ಇಲ್ಲ," ಎಂದರು. ಅಪ್ಪ ಅಂಗಳದ ಬೇವಿನ ಗಿಡದ ಕೆಳಗೆ ಕುಳಿತ. ನನಗೆ ಕಿಟಕಿಯಿಂದ ಅವನ ರುಮಾಲು ಕಾಣುತ್ತಿತ್ತು. ಊಟದ ಬಿಡುವಿನಲ್ಲಿಯೂ ನನಗೆ ಹಾಜರಿ ಬರೆಯುವ ಕೆಲಸ ಕೊಟ್ಟರು. ಮೂರರ ಬಸ್ಸಿಗೆ ಅಪ್ಪ ಎದ್ದು ಹೋದ; ಸಿವುಡನ್ನು ಶಾಲೆಯ ಸಿಪಾಯಿಯ ಕೈಗೆ ಕೊಟ್ಟಿದ್ದ. ನಾನು ಒಂದು ಮಾತು ಆಡಲಿಲ್ಲ. ಕಿಟಕಿಯಿಂದ ಬಾಗಿಲು ಹತ್ತು ಹೆಜ್ಜೆ ಇತ್ತು. ಆ ಹತ್ತು ಹೆಜ್ಜೆ ಇಡಲಿಲ್ಲ. ಅಪ್ಪ ಆಮೇಲೆ ನನ್ನ ಯಾವ ಶಾಲೆಗೂ ಬರಲಿಲ್ಲ. ಆ ಮಾಸ್ತರರ ಮೇಲಿನ ಸಿಟ್ಟು ನನಗೆ ಇಂದಿಗೂ ಹೋಗಿಲ್ಲ. ಆ ಹತ್ತು ಹೆಜ್ಜೆಯ ಸಿಟ್ಟು ಅದಕ್ಕಿಂತ ದೊಡ್ಡದು.

ಹನ್ನೆರಡು ಹೊಡೆಯಿತು. ಮಗಳು ತರಗತಿ ಬಿಟ್ಟು, ಬಾಗಿಲುಗಳಿಗೆ ಕೀಲಿ ಹಾಕುತ್ತ ಬಂದಳು. ಅವಳು ಕೊನೆಯ ಖೋಲಿಯ ಕಡೆ ಹೋದಾಗ ನಾನು ಆ ವಹಿಯನ್ನು ಎತ್ತಿ ನನ್ನ ಚೀಲಕ್ಕೆ ಹಾಕಿದೆ. ಶಾಲೆಯ ದಾಖಲೆಯನ್ನು ಆವರಣದ ಹೊರಗೆ ಒಯ್ಯಬಾರದೆಂಬ ನಿಯಮವನ್ನು ಎಷ್ಟು ಜನರಿಗೆ ನಾನೇ ಓದಿ ಹೇಳಿದ್ದೇನೆ! ಗೊತ್ತಿದ್ದೇ ಮಾಡಿದೆ. ಆ ಮನುಷ್ಯನ ಮನೆ ಮುಂಡರಗಿಯಲ್ಲಿದೆ. ಹೋಗುವ ದಾರಿಯಲ್ಲಿ ಅವನ ಬಾಗಿಲಿಗೇ ಹೋಗಿ, ಅವನ ಅಕ್ಷರವನ್ನು ಅವನ ಮುಂದೆ ಹಿಡಿದು, ಇದರ ಅರ್ಥವೇನೆಂದು ಕೇಳುವುದು ನನ್ನ ವಿಚಾರವಾಗಿತ್ತು.

ಅವನ ಬಾಗಿಲಿಗೆ ಹೋಗುವ ಪ್ರಸಂಗ ಬರಲಿಲ್ಲ. ನಾವು ಮನೆ ಸೇರುವಷ್ಟರಲ್ಲಿ ಯಜಮಾನರು ಹೊಸ ಬಾಳೆ ಎಲೆ ತಂದು ತೊಳೆಯುತ್ತಿದ್ದರು.

"ಯಾರು ಬರಾಕತ್ತಾರ?" ಎಂದೆ.

"ಸಾಹೇಬ್ರು," ಎಂದರು, ಒಂದು ದೊಡ್ಡ ಕೆಲಸ ಗೆದ್ದವರಂತೆ. "ಹಾಲಿನ ಅಂಗಡ್ಯಾಗ ಮನಿ ವಿಚಾರಿಸಿ ಹೋಗಿದ್ದೆ. ಒಂದು ಗಂಟೆಕ್ಕ ಊಟಕ್ಕ ಬರ್ತೀನಿ ಅಂದಾರ. ಊರಿಂದ ಬಂದೀವಿ, ಒಂದು ಹೊತ್ತು ಉಂಡು ಹೋಗ್ರಿ ಅಂದೆ. ಉಂಡ ಬಾಯಿ ಇಲ್ಲ ಅನ್ನೂದಿಲ್ಲ. ಫೈಲ್ ಹಗುರ ಆಗ್ತೈತಿ, ನೋಡ್ಕೋತ ಇರು."

ಮಗಳು ಬಾಗಿಲಲ್ಲೇ ನಿಂತಳು. "ಅಪ್ಪಾ, ನನ್ನ ಕೇಳಲಿಲ್ಲಲ್ಲ ನೀ."

"ನಿನ್ನ ಸಲುವಾಗಿನ ಕರದೀನಿ ಮಗಾ."

"ಇವತ್ತೊಂದು ದಿನ ಅವರ ಮಾರಿ ನೋಡಬಾರದು ಅಂತ ಇದ್ದೆ."

ಇಪ್ಪತ್ತೊಂಬತ್ತು ವರ್ಷ ಯಾವ ಅಧಿಕಾರಿ ಬಂದರೂ ಚಹಾ ಕುಡಿಸಿ ಕೆಲಸ ಸಾಗಿಸಿದ ಮನುಷ್ಯನಿಗೆ ಏನು ಹೇಳುವುದು? ನನ್ನ ಮಗಳ ಆ ಇಡೀ ವಾರದ ಒಂದೇ ಒಂದು ಬಿಡುವಿನ ಮಧ್ಯಾಹ್ನವನ್ನು ಅವಳ ತಂದೆ ಕೈಯಾರೆ ಅವಳ ಮುಖ್ಯೋಪಾಧ್ಯಾಯನಿಗೆ ಉಣಬಡಿಸಲು ಕೊಟ್ಟು ಬಂದಿದ್ದರು. ನಾನು ಚೀಲವನ್ನು ಒಳಗಿನ ಖೋಲಿಯ ಮೊಳೆಗೆ ತೂಗುಹಾಕಿ, ಒಲೆ ಹೊತ್ತಿಸಿದೆ. ಮನೆಗೆ ಕರೆದವರನ್ನು ಹಸಿದು ಕಳಿಸುವುದು ನನ್ನಿಂದ ಆಗುವುದಿಲ್ಲ. ಅವರು ಎಂಥವರೇ ಇರಲಿ. ಅದು ನನ್ನ ತಾಯಿ ಹಾಕಿದ ಕಟ್ಟು.

ಒಂದು ಹತ್ತಕ್ಕೆ ಅವರು ಬಂದರು. ಐವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಆಗಷ್ಟೇ ಬೋಳಿಸಿದ ನುಣ್ಣನೆಯ ಗಲ್ಲ. ನಗುಮುಖದವರು, ಅದು ನನ್ನ ಸಿಟ್ಟನ್ನು ಇಮ್ಮಡಿಗೊಳಿಸಿತು. ಚಪ್ಪಲಿ ಬಿಡುತ್ತಲೇ, "ಮೇಡಂ, ಆ ತಖ್ತೆ ನೋಡಿದೆ, ಎರಡು ಕಾಲಂ ತಪ್ಪ್ಯಾವ. ಊಟ ಆದ ಮ್ಯಾಲೆ ಸರಿ ಮಾಡಿಬಿಡ್ರಿ," ಎಂದರು. ಮಗಳು, "ಆತ್ರಿ ಸರ," ಎಂದಳು.

ಉಂಡರು. ಚೆನ್ನಾಗಿಯೇ ಉಂಡರು. "ಅಕ್ಕಾರ, ಕೈ ರುಚಿ ಭಾರಿ ಐತಿ ನಿಮ್ದು," ಎಂದು ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡರು. ಮಗಳಿಗೆಂದು ಮಾಡಿದ ಹೋಳಿಗೆಯಲ್ಲಿ ಮೂರು ಇಳಿದವು. "ನಮ್ಮ ಮೇಡಂಗ ಒಂದು ಮಾತು ಹೇಳಿ ಹೋಗ್ರಿ ಅಕ್ಕಾರ. ಹುಷಾರ ಅದಾರ, ಖರೆ. ಆದ್ರ ಮನಿ, ಊರು, ತಂದಿ–ತಾಯಿ ಅಂತ ಮನಸ್ಸು ಹರದಾಡತೈತಿ. ನೌಕರಿ ಅಂದ್ರ ನೌಕರಿ."

ನಾನು ಕೈಯಲ್ಲಿದ್ದ ಹೋಳಿಗೆಯ ಬುಟ್ಟಿಯನ್ನು ಕೆಳಗಿಟ್ಟೆ. ಒಳಗೆ ಹೋಗಿ ವಹಿಯನ್ನು ತಂದು, ಕೆಂಪು ಶಾಯಿಯ ಪುಟ ತೆರೆದು, ಅವರ ಎಲೆಯ ಪಕ್ಕದಲ್ಲಿಟ್ಟೆ.

"ಇದನ್ನ ಬರದವರು ನೀವ ಏನ್ರಿ?"

ಮಗಳ ಮುಖದ ಬಣ್ಣ ಹೋಯಿತು. ಅವರು ಮೊದಲು ಪುಟ ನೋಡಿದರು, ಆಮೇಲೆ ಹೊದಿಕೆ ನೋಡಿದರು, ಆಮೇಲೆ ನಿಧಾನವಾಗಿ ನಕ್ಕರು.

"ಅಕ್ಕಾರ, ನೀವೂ ಹೆಡ್‌ಮಾಸ್ತರಾಗಿ ರಿಟೈರ್ ಆದವರಂತ. ಸರಕಾರಿ ದಾಖಲೆ ಶಾಲಿ ಬಿಟ್ಟು ಮನಿಗೆ ಹೆಂಗ ಬಂತು?" ಎಂದು ಮಗಳ ಕಡೆ ತಿರುಗಿದರು. "ಮೇಡಂ, ಇವತ್ತು ಶಾಲಿ ಕೀಲಿ ನಿಮ್ಮ ಕೈಯಾಗ ಇತ್ತು. ಇದನ್ನೂ ವರದಿಯೊಳಗ ಬರೀಬೇಕಾಗತೈತಿ."

ಅವನ ಕೈಯಲ್ಲಿದ್ದ ಒಂದು ಸುಳ್ಳು ಆರೋಪದ ಪಕ್ಕದಲ್ಲಿ ನಾನೇ ಒಂದು ನಿಜವಾದ ಆರೋಪವನ್ನು ತಂದಿಟ್ಟಿದ್ದೆ, ಅದೂ ಬಾಳೆ ಎಲೆಯ ಪಕ್ಕದಲ್ಲಿ.

"ತಂದಾಕಿ ನಾನು. ಆಕೀಗೆ ಗೊತ್ತಿಲ್ಲ," ಎಂದೆ. "ಬರೀರಿ. ಆದ್ರ ಅದರ ಕೆಳಗಿನ ಸಾಲನ್ನೂ ಓದಿ ಬರೀರಿ. ಒಂಬತ್ತರಿಂದ ಹನ್ನೆರಡರ ತನಕಾ ಹಾಜರು ಅಂತ ನಿಮ್ಮ ಸಹಿ ಐತಿ. ನಾ ಎಂಟು ಐವತ್ತರಿಂದ ಗೇಟಿಗೆ ಕಣ್ಣು ಹಚ್ಚಿ ಕುಂತಿದ್ದೆ."

ಅವರ ನಗು ಸ್ವಲ್ಪ ಸರಿಯಿತು, ಆದರೆ ಹೋಗಲಿಲ್ಲ. "ನಾ ಒಂಬತ್ತಕ್ಕ ಬಂದು ಹಿಂದಿನ ಬಾಜೂಲಿಂದ ಒಂದು ಸುತ್ತು ಹಾಕಿ ಹೋದೆ ಅಕ್ಕಾರ. ನಿಮಗ ಕಂಡಿರಲಿಕ್ಕಿಲ್ಲ. ಎಲ್ಲಾನೂ ಎಲ್ಲಾರಿಗೂ ಕಾಣಸ್ತೈತೇನು?"

ಆಗ ಯಜಮಾನರು ಬಾಯಿ ಹಾಕಿದರು. ಮನೆಗೆ ಬಂದ ಅತಿಥಿಗೆ ಮುಜುಗರವಾಗುತ್ತಿದೆಯೆಂದು ಅವರಿಗೆ ಕನಿಕರ. ಹೇಗಾದರೂ ಮಾಡಿ ಆ ಮನುಷ್ಯನ ಪರವಾಗಿ ಒಂದು ಒಳ್ಳೆಯ ಮಾತು ಹೇಳಬೇಕೆಂದು ಹೊರಟರು.

"ಅಲ್ಲ, ಪಾಪ, ರವಿವಾರ ಒಂದು ದಿನ ಅವರಿಗೂ ವಿಶ್ರಾಂತಿ ಬ್ಯಾಡೇನು? ನಾ ಹತ್ತು ಹತ್ತಕ್ಕ ಹೋದಾಗ ಅವರ ಮನಿಯವರು, 'ಸಾಹೇಬ್ರು ಈಗ ಎದ್ದಾರ, ಕುಂಡ್ರಿ,' ಅಂದ್ರು. ಹತ್ತು ಇಪ್ಪತ್ತೈದಕ್ಕ ದಾಡಿ ಮಾಡ್ಕೊಂಡು ಬಂದ್ರು. ಹನ್ನೊಂದು ಐದರ ತನಕಾ ಕುಂತು ಮಾತಾಡಿದ್ವಿ. ಹೌದಲ್ರಿ ಸಾಹೇಬ್ರ?"

ಗಾಡಿಗಳ ವೇಳೆಯನ್ನು ಇಪ್ಪತ್ತೊಂಬತ್ತು ವರ್ಷ ಬರೆದ ಬಾಯಿ ಅದು. ಒಂದೊಂದು ನಿಮಿಷವನ್ನೂ ಬಿಡದೆ ಹೇಳಿತು.

ಮುಖ್ಯೋಪಾಧ್ಯಾಯರು ಮಜ್ಜಿಗೆ ಕೇಳಿದರು. ಮಜ್ಜಿಗೆ ಹಾಕಿದವಳು ನಾನೇ. ಎಲೆಯ ಮುಂದೆ ಕುಳಿತವರು ಕೇಳಿದ್ದನ್ನು ಹಾಕದೆ ಇರಲು ನನ್ನ ಕೈ ಕಲಿತಿಲ್ಲ. ಆ ಕೈಯ ಮೇಲೂ ನನಗೆ ಸಿಟ್ಟು ಬಂತು. ಕೈ ತೊಳೆದು, ಚಪ್ಪಲಿ ಮೆಟ್ಟಿ, ಮೆಟ್ಟಿಲ ಹತ್ತಿರ ನಿಂತು ಅವರು ಅಂದದ್ದು ಇಷ್ಟೇ: "ಮೇಡಂ, ನಾಳೆ ನಿಮ್ಮ ಫೈಲ್ ಗದಗಿಗೆ ಕಳಸ್ತೀನಿ. ವಹಿ ಮುಂಜಾನೆ ಮೇಜಿನ ಮ್ಯಾಲೆ ಇರ್ಲಿ."

ಅವರ ಕಾರಿನ ಸದ್ದು ತಿರುವಿನಾಚೆ ಹೋದ ಮೇಲೆ ಯಜಮಾನರು ಎಲೆ ಎತ್ತುತ್ತ, "ನಾ ಹೇಳಲಿಲ್ಲೇನು? ಉಂಡ ಬಾಯಿ," ಎಂದರು. ತಾವು ಏನು ಹೇಳಿ ಏನು ಮಾಡಿದೆವೆಂಬುದು ಅವರಿಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಹೋಳಿಗೆಯೇ ಫೈಲನ್ನು ಗದಗಿಗೆ ಮುಟ್ಟಿಸಿತೆಂದು ಬಂದವರಿಗೆಲ್ಲ ಹೇಳುತ್ತಾರೆ.

ನಾನು ಗೆದ್ದೆನೆಂದುಕೊಂಡಿದ್ದೆ. ಮಗಳು ಒಲೆಯ ಮುಂದೆ ನನ್ನ ಪಕ್ಕಕ್ಕೆ ಬಂದು ನಿಂತು, ದನಿ ಏರಿಸದೆ ಹೇಳಿದಳು:

"ಅವ್ವಾ, ನಿಮ್ಮಿಬ್ಬರಿಗೂ ನಾಳೆ ಬಸ್ ಐತಿ. ಆ ಖೋಲ್ಯಾಗ ಅವರ ಎದುರಿಗೆ ಕುಂಡ್ರಾಕಿ ನಾನು. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದು ನನಗ ಮಾತು ಬರೂದಿಲ್ಲ ಅಂತ ಅಲ್ಲ. ಇನ್ನೊಂದು ಹದಿನೈದು ದಿನ ತಡದಿದ್ರ ನನ್ನ ಕೆಲಸದ ಮ್ಯಾಲ ನನ್ನ ಫೈಲ್ ಹೋಗ್ತಿತ್ತು. ಈಗ ಅವರ ಹೆದರಿಕಿ ಮ್ಯಾಲ ಹೋಗ್ತೈತಿ."

"ಹೋಗೂದು ಮುಖ್ಯ ಅಲ್ಲೇನು?"

"ನನಗ ಅಲ್ಲ."

ಅವಳು ಹೇಳಿದ್ದು ಸರಿಯೆಂದು ಒಪ್ಪಲು ಇಂದಿಗೂ ನನ್ನ ಮನಸ್ಸು ಬಗ್ಗುವುದಿಲ್ಲ. ಹದಿನೈದು ದಿನವಾದ ಮೇಲೆ ಆ ಮನುಷ್ಯ ಇನ್ನೊಂದು ಹದಿನೈದು ದಿನ ಕೇಳುತ್ತಿದ್ದ. ಆದರೆ ಸುಳ್ಳೆಂದೂ ಹೇಳಲಾರೆ. ಎರಡು ವರ್ಷ ದುಡಿದ ಹುಡುಗಿಯ ಹಕ್ಕು ಅವಳ ದುಡಿಮೆಯಿಂದ ಬರಲಿಲ್ಲ. ಒಬ್ಬ ಗಂಡಸು ಹತ್ತು ಇಪ್ಪತ್ತೈದಕ್ಕೆ ದಾಡಿ ಮಾಡಿಕೊಂಡದ್ದರಿಂದ ಬಂತು. ಇದನ್ನು ನ್ಯಾಯವೆಂದು ಕರೆಯಲು ನಾನು ತಯಾರಿಲ್ಲ. ಅವಳ ಸಿಟ್ಟು ಅವಳಿಗೆ, ನನ್ನ ಸಿಟ್ಟು ನನಗೆ. ಅಂದು ಸಂಜೆ ಇಬ್ಬರೂ ಪತ್ರಿಕೆಗಳ ಅಂಕ ಕೂಡಿಸಿದೆವು. ಅವಳು ತಿದ್ದಿದ್ದನ್ನು ನಾನು ಎರಡು ಸಲ ಕೂಡಿಸಿ ನೋಡಿದೆ. ಮೂರು ಕಟ್ಟಿನಲ್ಲಿ ಒಂದೇ ಒಂದು ತಪ್ಪು ಸಿಕ್ಕಿತು.

ಸೋಮವಾರ ಮುಂಜಾನೆ ವಹಿಯನ್ನು ನಾನೇ ಮರಳಿ ಕೊಡುವೆನೆಂದು ಹಟ ಹಿಡಿದೆ. "ತಂದಾಕಿ ನಾನು, ಒಯ್ಯಾಕಿನೂ ನಾನ." ಮಗಳು ಬೇಡವೆನ್ನಲಿಲ್ಲ, ಬೇಡವೆಂದರೆ ನಾನು ಕೇಳುವವಳಲ್ಲವೆಂದು ಅವಳಿಗೆ ಗೊತ್ತಿದೆ. ಯಜಮಾನರು ಚೀಲಗಳೊಂದಿಗೆ ಬಸ್ ನಿಲ್ದಾಣದಲ್ಲಿ ಕುಳಿತರು. ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದು ಮಕ್ಕಳು ಸಾಲಾಗಿ ಒಳಗೆ ಹೋಗುತ್ತಿದ್ದರು. ಮಗಳು ಅವರ ಹಿಂದೆ ತರಗತಿಗೆ ಹೋದಳು. ನಾನು ಶಿಕ್ಷಕರ ಕೋಣೆಯಲ್ಲಿ ವಹಿಯನ್ನು ಇದ್ದ ಜಾಗದಲ್ಲಿಟ್ಟು, ರವಿವಾರದ ಸಾಲಿನ ಕೆಳಗೆ ನನ್ನ ಪೆನ್ನಿನಿಂದ ಬರೆದೆ: "ಈ ವಹಿಯನ್ನು ರವಿವಾರ ಮಧ್ಯಾಹ್ನ 12.05ಕ್ಕೆ ಶಿಕ್ಷಕಿಯ ಅರಿವಿಗೆ ಬಾರದಂತೆ ನಾನು ಒಯ್ದಿದ್ದು, ಸೋಮವಾರ ಪ್ರಾರ್ಥನೆಯ ನಂತರ ಮರಳಿಸಿದ್ದೇನೆ. ತಪ್ಪು ನನ್ನದು. ಶನಿವಾರ ಶಾಲೆ 11.30ಕ್ಕೆ ಬಿಟ್ಟಿತ್ತು." ಹೆಸರು, ಹುದ್ದೆ, ನಿವೃತ್ತಿಯ ವರ್ಷ ಬರೆದು ಸಹಿ ಮಾಡಿದೆ.

ಮುಖ್ಯೋಪಾಧ್ಯಾಯರ ಖೋಲಿಯ ಬಾಗಿಲು ತೆರೆದೇ ಇತ್ತು. ನನ್ನನ್ನು ಕಂಡು ಗುಮಾಸ್ತನನ್ನು ಕರೆದು, ನನ್ನ ಕಣ್ಣೆದುರಿಗೇ ಲಕೋಟೆಯೊಂದಕ್ಕೆ ಅಂಟು ಹಚ್ಚಿ ಅವನ ಕೈಗೆ ಕೊಟ್ಟರು. "ಕುಂಡ್ರಿ ಅಕ್ಕಾರ, ಚಹಾ ತರಸ್ತೀನಿ," ಎಂದರು. ಅವರ ಚಹಾ ನನಗೆ ಬೇಡವಾಗಿತ್ತು. ಬಸ್ಸಿಗೆ ವೇಳೆಯಾಯಿತೆಂದು ಹೇಳಿ ಅಂಗಳಕ್ಕೆ ಇಳಿದೆ.

ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ, "ಅವ್ವಾ," ಎಂದು ಕೇಳಿಸಿತು. ಮಗಳು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ತರಗತಿಯಿಂದ ಹೊರಗೆ ಬಂದಿದ್ದಳು. ಮುಖ್ಯೋಪಾಧ್ಯಾಯರ ಖೋಲಿಯ ತೆರೆದ ಬಾಗಿಲು ಅವಳ ಬೆನ್ನಿಗಿತ್ತು, ತಿರುಗಿ ನೋಡಲಿಲ್ಲ. ನನ್ನ ಸೆರಗು ಸರಿಮಾಡಿ, ಮುಂಡರಗಿಯ ಬಸ್ಸು ಸಿಗುವ ಕ್ರಾಸಿನವರೆಗೆ ಒಯ್ಯಲು ಆಟೋದವನಿಗೆ ಫೋನ್ ಮಾಡಿದ್ದೇನೆಂದು ಹೇಳಿದಳು. ಮುಖ ಇನ್ನೂ ಗಂಟಿಕ್ಕಿಯೇ ಇತ್ತು.

"ಮುಂದಿನ ಸಲ ಬರೂ ಮುಂದ ಚೀಲದಾಗ ಹೋಳಿಗಿ ಇಟಗೊಂಡು ಬಾ. ಹೋಗೂ ಮುಂದ ಏನೂ ಇಟಗೊಂಡು ಹೋಗಬ್ಯಾಡ," ಎಂದಳು.

"ತರಗತಿ ಬಿಟ್ಟು ಬಂದೀ. ಬರದೀ ಏನು ಆ ವಹಿಯೊಳಗ?"

"ಇದು ಹೊರಗ ಅಲ್ಲ ಅವ್ವಾ, ಅಂಗಳ. ಇದಕ್ಕ ಬರೀಬೇಕಾಗಿಲ್ಲ."

ಆಟೋ ಬರುವವರೆಗೆ ಎರಡು ನಿಮಿಷ ನನ್ನ ಪಕ್ಕದಲ್ಲಿ ನಿಂತಳು. ಆಮೇಲೆ ಒಳಗೆ ಹೋದಳು. ನನ್ನ ಅಪ್ಪನಿಗೆ ನಾನು ಕೊಡದ ಎರಡು ನಿಮಿಷ.

ವರದಿ ಹೋಯಿತು. ಆದೇಶ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು, ಆದರೆ ಬಂತು. ಅವಳು ಈಗ ಖಾಯಂ. ಶನಿವಾರ ಹನ್ನೊಂದೂವರೆಗೆ ಹೊರಡುತ್ತಾಳೆ, ವಹಿಯಲ್ಲಿ ಏನೂ ಬರೆಯುವುದಿಲ್ಲ. ಆ ಮುಖ್ಯೋಪಾಧ್ಯಾಯರು ಇನ್ನೂ ಅಲ್ಲೇ ಇದ್ದಾರೆ. ಈ ವರ್ಷ ಹೊಸದಾಗಿ ಬಂದ ಇನ್ನೊಬ್ಬ ಹುಡುಗಿ ಶನಿವಾರ ಎರಡರವರೆಗೆ ತಖ್ತೆ ತುಂಬುತ್ತಾಳಂತೆ. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಆ ಹುಡುಗಿಯ ತಂದೆ–ತಾಯಿ ಎಲ್ಲಿಯವರೆಂದು ಮಗಳನ್ನು ವಿಚಾರಿಸಿದ್ದೇನೆ. "ಯಾಕ?" ಎಂದು ಕೇಳಿದಳು. "ಸುಮ್ಮನ," ಎಂದೆ. ನಂಬಲಿಲ್ಲ.

ನನ್ನ ಸಾಲಿನ ಎದುರಿನ ಷರಾ ಅಂಕಣ ಈವರೆಗೆ ಖಾಲಿ ಇದೆಯೆಂದು ಮಗಳು ಹೇಳುತ್ತಾಳೆ. ಪ್ರತಿ ತಿಂಗಳೂ ಕೇಳುತ್ತೇನೆ. ಆ ಕೆಂಪು ಪೆನ್ನು ಅಲ್ಲಿ ಒಂದಕ್ಷರ ಬರೆಯಲಿ. ನನ್ನ ಉತ್ತರ ಸಿದ್ಧವಿದೆ. ಲಕ್ಷ್ಮೇಶ್ವರದಿಂದ ಒಂಬತ್ತರ ಬಸ್ಸು ಇದೆ, ಶಿರಹಟ್ಟಿಯಲ್ಲಿ ಬದಲಾಯಿಸಬೇಕು, ಹನ್ನೆರಡೂಕಾಲಿಗೆ ಮುಂಡರಗಿ ಮುಟ್ಟುತ್ತದೆ.